ಅರ್ಶಿಯಾಳ ಕೈಗಳಿಗೆ ಒಂದು ರೌಟರ್

ಮಾನ್ಯ ವಾಚಕ ಮಹಾಶಯರೇ, ಈ ಕಥೆಯನ್ನು ಎಲ್ಲಿಂದ ಆರಂಭಿಸಬೇಕೆಂಬ ವಿಷಯದಲ್ಲಿ ತಮ್ಮ ಸಲಹೆಯನ್ನು ಸವಿನಯವಾಗಿ ಕೋರುತ್ತೇನೆ. ರೌಟರಿನಿಂದಲೋ, ಹೆಂಡತಿಯಿಂದಲೋ?

(ಕಾಯಲು ಪುರಸೊತ್ತಿಲ್ಲ. ಹೆಂಡತಿಯಿಂದಲೇ ಆಗಲಿ.)

೧. ಶೆಟ್ಟಿಹಳ್ಳಿಯ ಅರ್ಶಿಯಾಗೆ ಹುಟ್ಟಿನಿಂದಲೂ ಕಿವಿ ಕೇಳದು. ಅವಳ ಮಾತೆಲ್ಲ ಕೈಗಳಲ್ಲಿ. ಗಂಡ ಝುಬೇರ್ ಲಗೇಜ್ ಆಟೋದಲ್ಲಿ ಯಂತ್ರ ಹೇರಿಕೊಂಡು, ಗುಬ್ಬಿ, ಕುಣಿಗಲ್ ಸುತ್ತಿ, ಹಳೆಯ ಹಾಸಿಗೆಗಳ ಗಂಟುಗಟ್ಟಿದ ಹತ್ತಿಯನ್ನು ಬಿಡಿಸಿ ಎಕ್ಕಿಕೊಡುವವನು. ವಾರಗಟ್ಟಲೆ ಸಂಸಾರವೆಲ್ಲ ವಿಡಿಯೋ ಕಾಲ್‌ನಲ್ಲಿ. ಮೊನ್ನೆ ಜಗಳದ ನಡುವೆ ಅವನ ಫೋನಿಗೆ ಟವರ್ ಕೈಕೊಟ್ಟಿತು. ಅವನೇ ಕಟ್ ಮಾಡಿದನೆಂದು ಬಗೆದ ಅವಳು, ಇನ್ನೊಮ್ಮೆ ಹೀಗಾದರೆ ಕರೆ ಎತ್ತುವುದಿಲ್ಲವೆಂದು ಅತ್ತೆ ಮಸ್ತಾನ್ ಬೀ ಮೂಲಕ ಹೇಳಿಸಿದಳು.

"ಮೆಸೇಜ್ ಹಾಕಬಾರದೇನಯ್ಯ?" ಎಂದೆ ಝುಬೇರ್‌ಗೆ.

"ಮೆಸೇಜಲ್ಲಿ ಜಗಳ ಆಡೋಕಾಗ್ತದಾ ಸಾರ್? ನಿಮಗೆ ಮದ್ವೆ ಆಗಿಲ್ಲ, ಬಿಡಿ."

೨. ಟವರ್ ಮತ್ತೆ ಕೈಕೊಡದಿರಲೆಂದು ರೌಟರ್ ಕೊಳ್ಳಲು ಹೋದದ್ದು ತುಮಕೂರಿನ ರಂಗನಾಥನ ಅಂಗಡಿಗೆ. ಮೇಜಿನ ಮೇಲೆ ಸಿಮ್ ಹಾಕುವ ಎರಡು ರೌಟರ್.

"ನೋಡಿ ಭಾಯ್, ಇದು ಮನೇದು. ಟವರ್ ಚೆನ್ನಾಗಿ ಎಳೆಯುತ್ತೆ, ಆದ್ರೆ ಕರೆಂಟ್ ಬೇಕು. ಇದು ಜೇಬಿಂದು. ಬ್ಯಾಟ್ರಿ ಇದೆ, ಎಳೆಯೋದು ಸ್ವಲ್ಪ ಕಮ್ಮಿ."

ಜೇಬಿನದನ್ನೇ ಕೊಳ್ಳುವಂತೆ ನಾನು ಬರೆದೆ. ಝುಬೇರ್ ಒಪ್ಪಲಿಲ್ಲ.

"ನನ್ ಆಟೋಲಿ ಜನರೇಟರ್ ಇಲ್ವಾ? ದೊಡ್ಡದೇ ಕೊಡಣ್ಣ."

(ಪಾತ್ರಗಳು ಹೇಳಿದ ಮಾತು ಕೇಳುವ ಕಾಲ ಹೋಯಿತು.)

೩. ಕುಣಿಗಲ್. ಜನರೇಟರ್ ಚಾಲೂ ಆದರೆ ಎಕ್ಕುವ ಯಂತ್ರವೂ ತಿರುಗಲೇಬೇಕು. ಎರಡಕ್ಕೂ ಒಂದೇ ಬೆಲ್ಟು. ಗದ್ದಲ ಅರ್ಶಿಯಾಗೆ ಲೆಕ್ಕಕ್ಕಿಲ್ಲವೆಂದು ಝುಬೇರ್ ಹಿಗ್ಗಿ ಕರೆ ಮಾಡಿದ. ಚಿತ್ರವೂ ಸ್ಪಷ್ಟವಾಗಿಯೇ ಹೋಯಿತು. ಬರೀ ಹಾರುವ ಹತ್ತಿಯ ಚಿತ್ರ. ಅದರೊಳಗೆ ಅವನ ಕೈಗಳು ಅವಳಿಗೆ ಕಾಣಲಿಲ್ಲ. ಯಂತ್ರ ನಿಲ್ಲಿಸಿದ. ಹತ್ತಿ ನೆಲಕ್ಕಿಳಿಯುವ ಮೊದಲೇ ರೌಟರ್ ಸತ್ತು, ಕರೆ ಮತ್ತೆ ಕಟ್ಟಾಯಿತು.

ಇಲ್ಲಿಗೇ ಮುಗಿಸಿದ್ದೆ. ಆ ಹಾಳೆ ಹರಿದುಹಾಕಿದೆ. (ಅವನ ಮುಖ ನೋಡಿದ್ದರೆ ನೀವೂ ಹರಿಯುತ್ತಿದ್ದಿರಿ.)

೪. ರಂಗನಾಥ್ ಗೊಣಗುತ್ತಲೇ ಜೇಬಿನದಕ್ಕೆ ಬದಲಿಸಿಕೊಟ್ಟ. ಆದರೆ ಅರ್ಶಿಯಾ ಎರಡು ದಿನ ಕರೆ ಎತ್ತಲಿಲ್ಲ.

"ಒಂದು ಸಾಲು ಬರೆದು ಎತ್ತಿಸಿಬಿಡಲೇ?"

"ನೀವ್ ಬರ್ದ್ರಿ ಅಂತ ಎತ್ತೋಳಲ್ಲ ಅವ್ಳು. ಸುಮ್ನಿರಿ ಸಾರ್."

ಗುಬ್ಬಿಯಲ್ಲಿ, ಮೀಸೆಗೆಲ್ಲ ಹತ್ತಿ ಮೆತ್ತಿಕೊಂಡ ತನ್ನ ಫೋಟೊವೊಂದನ್ನು ಅವನು ಕಳಿಸಿದ. ಆಮೇಲೆ ಕೈ ತೊಳೆದು, ರೌಟರನ್ನು ಆಟೋದ ಟಾಪಿನ ಮೇಲಿಟ್ಟು, ಫೋನನ್ನು ಸೀಟಿಗೊರಗಿಸಿ, ಕರೆ ಮಾಡಿದ.

ಅಂತ್ಯ ಒಂದು: ಎತ್ತಿ ನಕ್ಕಳು. ಅಂತ್ಯ ಎರಡು: ಎತ್ತಿ ಬೈದಳು. ಅಂತ್ಯ ಮೂರು...

"ಎತ್ತಿದ್ಲು ಸಾರ್!"

ನಾನು ಇಣುಕಿದೆ. ಅವನು ಫೋನನ್ನು ಅತ್ತ ತಿರುಗಿಸಿಕೊಂಡ.

"ಗಂಡ ಹೆಂಡ್ತಿ ಮಾತಾಡ್ತಿದೀವಿ. ನೀವು ಆ ಕಡೆ ಹೋಗಿ."

ಅವನ ಕೈಗಳು ಗಾಳಿಯಲ್ಲಿ ರಭಸದಿಂದ ಓಡಾಡುತ್ತಿದ್ದವು. ಸೋತವನ ಕೈಗಳೋ ಗೆದ್ದವನವೋ ನನಗೆ ತಿಳಿಯಲಿಲ್ಲ. ನೋಟ್‌ಬುಕ್ಕನ್ನು ಚೀಲಕ್ಕೆ ತುರುಕಿ, ಹೊರಟು ನಿಂತಿದ್ದ ತಿಪಟೂರಿನ ಬಸ್ಸು ಹತ್ತಿದೆ.