ಉಣುಗಿನ ಊರು

ಬಟ್ಟೆ ಮುಳ್ಳಿಗೆ ಸಿಕ್ಕಿಕೊಂಡಿತು. ರಕ್ಷಾ ಎಳೆದಳು, ಬರಲಿಲ್ಲ. ಇನ್ನೊಂದು ತುದಿ ಹಿಡಿದಿದ್ದ ಅಶ್ವಿನ್ ಬಗ್ಗಿ ಬಿಡಿಸಿದ. ಬಿಳಿ ಫ್ಲಾನೆಲನ್ನು ತರಗೆಲೆಯ ಮೇಲೆ ಎಳೆಯುತ್ತ ಇಬ್ಬರೂ ಮತ್ತೆ ನಡೆದರು. ಹುಲಿಕಲ್ಲಿನ ಕಾಡಿನಲ್ಲಿ ಮಂಗನ ಕಾಯಿಲೆ ಹರಡುವ ಉಣುಗನ್ನು ಹಿಡಿಯುವುದು ಹೀಗೆಯೇ. ಬಟ್ಟೆಗೆ ಅಂಟಿದ್ದನ್ನು ಚಿಮಟದಿಂದ ಕಿತ್ತು ಸ್ಪಿರಿಟ್ ತುಂಬಿದ ಸೀಸೆಗೆ ಹಾಕಬೇಕು. ಊರಿನ ಹೆಸರು ಬರೆದು ಚೀಟಿ ಅಂಟಿಸಬೇಕು.

ರಸ್ತೆಯಲ್ಲಿ ಕಾರಿನ ಹಾರ್ನ್ ಕೇಳಿಸಿತು.

"ನಿನ್ನ ಗೈಡು," ಅಂದ ಅಶ್ವಿನ್. ಅವನು ಬೇರೊಬ್ಬರ ಕೆಳಗೆ ಪಿಎಚ್‌ಡಿ ಮಾಡುವವನು, ಹಾಗಾಗಿ ನಗುವುದಕ್ಕೆ ಅವನಿಗೆ ಭಯವಿರಲಿಲ್ಲ. "ಇವತ್ತು ಬಟ್ಟೆ ಎಳೀತಾರಾ?"

"ಕಾಡೊಳಗೆ ಬಂದ್ರೆ ತಾನೆ."

ಪ್ರೊಫೆಸರ್ ಮಧುಸೂದನ ಬರಲಿಲ್ಲ. ಸಾಗರದಿಂದ ಕಾರು ಓಡಿಸಿಕೊಂಡು ಬಂದವರು ಡಾಂಬರಿನ ಮೇಲೆಯೇ ನಿಂತು, ಪ್ಯಾಂಟನ್ನು ಕಾಲುಚೀಲದೊಳಗೆ ತುರುಕಿಕೊಳ್ಳುತ್ತ ಕೂಗಿದರು. ರಕ್ಷಾ ರಸ್ತೆಗೆ ಹತ್ತಿದಳು. ಅಶ್ವಿನ್ ಹಿಂದೆಯೇ ಬಂದು, ಕಲ್ಲಿನ ಮೇಲೆ ಕೂತು ಬಟ್ಟೆಯಲ್ಲಿ ಉಣುಗು ಹುಡುಕತೊಡಗಿದ.

"ಒಳ್ಳೆ ಸುದ್ದಿ ಮಾರಾಯ್ತಿ," ಅಂದರು ಪ್ರೊಫೆಸರು. "ಹೋದ ವರ್ಷದ ನಮ್ಮ ಪೇಪರಲ್ಲಿ ಹೆಸರಿನ ಕ್ರಮ ಬದಲಿಸೋಣ ಅಂತಿದ್ದೀನಿ. ಮೊದಲ ಹೆಸರು ನಿಂದು."

ರಕ್ಷಾ ಅವರ ಮುಖ ನೋಡಿದಳು. ಆ ಪೇಪರಿನಲ್ಲಿ ಮೊದಲ ಹೆಸರು ಅವರದು. ಎರಡನೆಯದು ಅವರ ಭಾವಮೈದುನನದು. ಅವನು ಹಲ್ಲಿನ ಡಾಕ್ಟರು. 'ಉಣುಗಿನ ಹಲ್ಲು ಎಣಿಸಿರ್ತಾನೆ ಬಿಡೇ' ಎಂದಿದ್ದ ಅಶ್ವಿನ್. ಎರಡು ಬೇಸಿಗೆ ಬಟ್ಟೆ ಎಳೆದವಳು, ಜ್ವರ ಬಂದಾಗ ಇದು ಮಂಗನ ಕಾಯಿಲೆಯೇ ಇರಬಹುದೆಂದು ಹೊಸನಗರದ ಬಾಡಿಗೆ ಕೋಣೆಯಲ್ಲಿ ಹೆದರಿ ಮುದುಡಿದ್ದವಳು, ಪೇಪರಿನ ವಾಕ್ಯಗಳನ್ನೆಲ್ಲ ಬರೆದವಳು, ಮೂರನೆಯವಳು. ಆಗ ಅವಳು ಮೊದಲ ಹೆಸರಿಗಾಗಿ ಬೇಡಿಕೊಂಡಿದ್ದಳು. "ಗೈಡ್ ಇಲ್ದೆ ನೀನಿದ್ದೀಯಾ?" ಎಂದು ಕೇಳಿ ಅವರು ಚಹಾ ಮುಗಿಸಿದ್ದರು.

"ಈಗ ಯಾಕೆ ಸರ್?"

"ಜರ್ನಲ್‌ನವರು ಏನೋ ಕೇಳ್ತಿದಾರೆ. ಪೇಪರಲ್ಲಿರೋ ಕವಲೇದುರ್ಗದ ಉಣುಗಿನ ಸೀಸೆ ಕಳ್ಸಿ ಅಂತ. ಮೊದಲ ಹೆಸರಿನವರೇ ಉತ್ತರ ಕೊಡೋದು ಪದ್ಧತಿ."

"ಕವಲೇದುರ್ಗಕ್ಕೆ ನಾನು ಹೋಗೇ ಇಲ್ಲ. ಬೇರೆ ತಂಡ ಕಳ್ಸಿದೀನಿ ಅಂದಿದ್ರಲ್ಲ."

ಅವರು ಕಾರಿನ ಕನ್ನಡಿಯ ಮೇಲಿನ ಧೂಳು ಒರೆಸಿದರು.

"ಯಾವ ತಂಡ ಸರ್?"

"ನಿನ್ನ ಹುಲಿಕಲ್ ಅಂಕಿಅಂಶ ಇಟ್ಕೊಂಡು ಅಂದಾಜು ಹಾಕಿದ್ದು. ಎಲ್ರೂ ಮಾಡ್ತಾರೆ. ಈಗ ನಿನ್ ಹತ್ರ ಇಲ್ಲಿಯ ಸೀಸೆ ರಾಶಿ ಬಿದ್ದಿದೆ. ಒಂದಷ್ಟರ ಚೀಟಿ ಬದಲಿಸು, ಮುಗೀತು. ಉಣುಗಿನ ಮೈಮೇಲೆ ಊರಿನ ಹೆಸರು ಬರೆದಿರುತ್ತಾ?"

ಅಶ್ವಿನ್ ಚಿಮಟ ಕೆಳಗಿಟ್ಟ.

"ಅಲ್ಲಿ ಉಣುಗು ಕಡಿಮೆ ಅಂತ ಅಂಕಿ ಕೊಟ್ಟಿದ್ರಿ," ಅಂದಳು ರಕ್ಷಾ. ಅವಳ ಸ್ವರ ಏರಿತ್ತು. "ಆ ಕೋಟೆ ಕೆಳಗೇ ನಮ್ಮ ದುಗ್ಗಮ್ಮತ್ತೆ ಮನೆ. ನಿಮ್ಮ ಅಂದಾಜು ನಿಜ ಅಂದ್ಕೊಂಡು ಹೆದರ್ಬೇಡಿ ಅಂತ ನಾನೇ ಹೇಳಿ ಬಂದೆ. ಅವ್ರು ಬರಿಗಾಲಲ್ಲಿ ಆ ಕಾಡಿಗೆ ಹೋಗಿ ದರಗೆಲೆ ಗುಡಿಸ್ತಾರೆ."

"ಅವರಿಗೇನಾದ್ರೂ ಆಯ್ತಾ?"

"ಆಗ್ಬೇಕಿತ್ತಾ?"

"ಹಂಗಲ್ಲ ಮಾರಾಯ್ತಿ. ಆಗಿಲ್ವಲ್ಲ, ಮತ್ಯಾಕೆ ರಂಪ? ನಿನ್ನ ಥೀಸಿಸ್ ನನ್ನ ಟೇಬಲ್ ಮೇಲಿದೆ. ಇದೊಂದು ಮುಗಿಸು, ಸಂಜೆನೇ ಸೈನ್ ಹಾಕ್ತೀನಿ. ಮುಗಿಸ್ಲಿಲ್ಲ ಅಂದ್ರೆ, ನೀನೇ ಯೋಚ್ನೆ ಮಾಡು."

ಇಲ್ಲಿಯವರೆಗಿನ ದುಡಿತವೆಲ್ಲ ಆ ಒಂದು ಸೈನಿಗಾಗಿ ಕಾಯುತ್ತಿತ್ತು. ಅದನ್ನು ಅವರು ನಾಯಿಗೆ ಬಿಸ್ಕತ್ತು ತೋರಿಸುವಂತೆ ತೋರಿಸುತ್ತಿದ್ದರು. ಜೇಬಿನಿಂದ ಮಡಚಿದ ಹಾಳೆಯೊಂದನ್ನು ತೆಗೆದು ಬಿಚ್ಚಿದರು. ಸೀಸೆಗೆ ಅಂಟಿಸುವ ಚೀಟಿಗಳು. ಸಾಲುಸಾಲಾಗಿ ಕವಲೇದುರ್ಗ, ಕವಲೇದುರ್ಗ ಎಂದು ಅಚ್ಚಾಗಿದ್ದವು. ಹಳೆಯ ತಾರೀಖನ್ನೂ ಹಾಕಿಸಿದ್ದರು.

"ಬರೆಯೋ ಕೆಲಸಾನೂ ಇಟ್ಟಿಲ್ಲ ನಿಂಗೆ," ಅಂದರು. "ಅಂಟಿಸೋದಷ್ಟೆ."

ಅವಳು ಕೈ ಚಾಚಲಿಲ್ಲ. ಹಾಳೆ ಅವರ ಬೆರಳಿನಲ್ಲಿ ನೇತಾಡುತ್ತಿತ್ತು.

"ತಗೋ. ಮೊದಲ ಹೆಸರು ಕೇಳಿದ್ಯಲ್ಲ?"

"ಅಂಟಿಸಲ್ಲ," ಅಂದಳು ರಕ್ಷಾ. "ಮೊದಲನೇದೂ ಬೇಡ, ಮೂರನೇದೂ ಬೇಡ. ನನ್ನ ಹೆಸರು ತೆಗೀರಿ."