ಹೆಬ್ಬೆರಳಿನ ಗೆರೆ

"ಹುಟ್ಟಿದ ಕೂಸಿನ ಮುಖ ನೋಡದೋನು ಹೆಣದ ಮುಖ ನೋಡಾಕೆ ಬಂದವ್ನೆ, ನೋಡ್ರಮ್ಮ!"

ಸೋದರತ್ತೆ ಬೊಮ್ಮಕ್ಕನ ಮಾತಿಗೆ ಮೊಳಕಾಲ್ಮುರಿನ ಆ ನೇಕಾರರ ಓಣಿಯೇ ತಿರುಗಿ ನೋಡಿತು. ತಂದೆ ಪಾಲಾಕ್ಷಪ್ಪನ ಕಾಲಿನ ಎರಡೂ ಹೆಬ್ಬೆರಳು ಜೋಡಿಸಿ ಕಟ್ಟುತ್ತಿದ್ದ ಹಿರಿಮಗ ಸಾಯಿಕುಮಾರನ ಕೈ ಅಲ್ಲೇ ನಿಂತಿತು.

"ಸುಮ್ನಿರಕ್ಕ, ಹೆಣದ ಮುಂದೆ ಜಗಳ ಬ್ಯಾಡ," ಎಂದ ಪಕ್ಕದ ಮನೆಯ ಚಿಕ್ಕೀರಪ್ಪ.

"ಯಾಕಪ್ಪ ಸುಮ್ನಿರ್ಲಿ? ಮೂರನೇದೂ ಹೆಣ್ಣಂತ ಹೆಂಡ್ತಿ ತೌರು ಚಳ್ಳಕೆರೆಗೆ, ಬಾಣಂತಿ ಕಡೆ ತಲೆ ಹಾಕಿಲ್ಲ ಇವ್ನು. ನಮ್ಮಣ್ಣ ಆರು ಸಾಕ್ದ. ಒಂದನ್ನಾದ್ರೂ ಬ್ಯಾಡ ಅಂದ್ನಾ?"

ದಾರ ಬಲಗಾಲಿನ ಹೆಬ್ಬೆರಳ ಮೇಲೆ ಜಾರಿ ತಾನಾಗಿಯೇ ಒಂದು ತಗ್ಗಿನಲ್ಲಿ ಹೋಗಿ ಕೂತಿತು. ಬೆರಳ ಬುಡದಲ್ಲಿ ಉಂಗುರದಂತೆ ಸವೆದ ಗೆರೆ. ಆರು ಮಕ್ಕಳ ಜೋಲಿಯ ಹಗ್ಗ ಆ ಬೆರಳಿಗೇ ಕಟ್ಟಿತ್ತು. ಮಗ್ಗದ ಮೆಟ್ಟು ತುಳಿದಾಗಲೆಲ್ಲ ಇತ್ತ ಸೀರೆ ಬೆಳೆಯುತ್ತಿತ್ತು, ಅತ್ತ ಜೋಲಿ ತೂಗುತ್ತಿತ್ತು.

\*

ಹೋದ ವಾರ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟುಕೊಂಡೇ ಮುದುಕ ಕೇಳಿದ್ದ: "ಕೂಸನ್ನ ಕರ್ಕೊಂಬಾರೋ. ನಾನು ತೂಗ್ತೀನಿ. ಕಾಲು ಇನ್ನೂ ಗಟ್ಟಿ ಐತೆ."

"ತೂಗಿದ್ರೆ ಹೊಟ್ಟೆ ತುಂಬುತ್ತಾ ನಾಯ್ನ?" ಸಾಯಿಕುಮಾರ ಅಪ್ಪನ ಮೇಲೆ ಓಣಿಗೆಲ್ಲ ಕೇಳುವಂತೆ ಕಿರುಚಿದ್ದ. "ಒಂದರ ಬೆನ್ನಿಗೊಂದು ಹುಟ್ಟಿಸ್ದೆ. ಚಿಕ್ಕೋವು ಉಣ್ಬೇಕು ಅಂತ ನನ್ನ ಏಳನೇ ಕ್ಲಾಸಿಗೇ ಬಿಡಿಸಿ ಮಗ್ಗಕ್ಕೆ ಇಳಿಸ್ದೆ. ಆ ಕಾಲು ಅವತ್ತೇ ಬಿದ್ದೋಗಿದ್ರೆ ಚೆನ್ನಾಗಿತ್ತು!"

ಪಾಲಾಕ್ಷಪ್ಪ ಬಗ್ಗಿ ತನ್ನ ಕಾಲನ್ನು ತಾನೇ ನೋಡಿಕೊಂಡ. "ಹೌದಪ್ಪ" ಎಂದ. ಮತ್ತೆ ಲಾಳಿ ಎಸೆದ.

\*

ಮಣ್ಣು ಮಾಡಿ ಬಂದವರು ಹೆಣ ಮಲಗಿಸಿದ್ದ ಜಾಗದ ದೀಪ ನೋಡಿ ಚದುರಿದರು. ಸಾಯಿಕುಮಾರ ಮಗ್ಗದ ಕೋಣೆಗೆ ಹೋದ. ಆ ಜಗಳದ ನಂತರ ಅಲ್ಲಿ ಕಾಲಿಟ್ಟಿರಲಿಲ್ಲ.

ತೊಲೆಗೆ ಹಳೆ ಸೀರೆಯ ಜೋಲಿ ಕಟ್ಟಿತ್ತು; ಹೋದ ವಾರ ಅದಿರಲಿಲ್ಲ. ಅದರ ಹೊಸ ಹಗ್ಗ ಗುಂಡಿಗೆ ಇಳಿದಿತ್ತು. ತುದಿಯಲ್ಲೊಂದು ಕುಣಿಕೆ, ಹೆಬ್ಬೆರಳು ಹಿಡಿಯುವಷ್ಟು.

ಗುಂಡಿಗಿಳಿದು ಕೂತ. ಕುಣಿಕೆಗೆ ಬೆರಳು ತೂರಿಸಿ ಮೆಟ್ಟು ತುಳಿದ. ಬರಿಜೋಲಿ ತೂಗಿತು. ಮತ್ತೆ ತುಳಿದ.

ಬಾಗಿಲಲ್ಲಿ ಬೊಮ್ಮಕ್ಕ ನಿಂತಿದ್ದಳು. "ಯಾರನ್ನ ತೂಗ್ತಿದ್ದೀಯಲೇ? ಇನ್ನು ಸೂತಕ ಕಳೆಯೋ ತಂಕ ಬಾಣಂತಿ ಮನೆ ಮೆಟ್ಲು ತುಳಿಯಂಗೂ ಇಲ್ಲ."

ಅವನು ಕುಣಿಕೆಯಿಂದ ಬೆರಳು ಬಿಡಿಸಿಕೊಂಡ. ಅವಳನ್ನು ದಾಟಿ, ತಲೆ ಎತ್ತದೆ ಓಣಿಗಿಳಿದು ಹೊರಟುಹೋದ. ಒಳಗೆ ಜೋಲಿ ಇನ್ನೂ ಆಡುತ್ತಿತ್ತು.