ಮೇಷ್ಟ್ರು ಮಾತಾಡುವಂತಿರಲಿಲ್ಲ

"ಇನ್ನೊಂದ್ ಮಾತು ಆಡಿದ್ರೆ ಎದುರಿನ ತಂಡಕ್ಕೆ ಒಂದು ಎಸೆತ ಕೊಟ್ಬಿಡ್ತೀನಿ ಮೇಷ್ಟ್ರೇ. ನಿಯಮ ನಿಮಗೆ ಗೊತ್ತಿಲ್ದೇ ಇರೋದೇನಲ್ಲ," ಎಂದು ರೆಫರಿ ಬೆರಳು ತೋರಿಸಿ ಹೋದ.

ಸ್ಟ್ರೌಡ್ ಮೇಷ್ಟ್ರು ಬೆಂಚಿನ ಮೇಲೆ ಕುಸಿದರು. ಆಟ ನಡೆಯುವಾಗ ಕಲಿಸಿದವನು ತುಟಿ ಪಿಟಕ್ಕೆನ್ನಬಾರದು ಎಂಬ ನಿಯಮವನ್ನು ಯಾವ ಪುಣ್ಯಾತ್ಮ ಮಾಡಿದನೋ. ವಾರವಿಡೀ ಗಂಟಲು ಹರಿದುಕೊಂಡವನು ಶನಿವಾರ ಮೂಗನ ಹಾಗೆ ಕೂರಬೇಕು.

ಬ್ಯಾಸ್ಕೆಟ್‌ಬಾಲ್ ಇನ್ನೂ ಹೊಸತಾಗಿದ್ದ ಕಾಲ ಅದು. ಆ ಚಳಿಗಾಲದಲ್ಲಿ ಮೇಷ್ಟ್ರ ಹುಡುಗರು ಎಂಟು ಪಂದ್ಯ ಆಡಿ ಎಂಟನ್ನೂ ಸೋತಿದ್ದರು. ಇದು ಕೊನೆಯದು. "ಒಂದಾದ್ರೂ ಗೆದ್ದು ಬನ್ನಿ. ಇಲ್ದಿದ್ರೆ ಬರೋ ವರ್ಷ ಬ್ಯಾಸ್ಕೆಟ್‌ಬಾಲ್ ಅನ್ನೋ ಮಾತೇ ಬೇಡ," ಎಂದು ಕಾಲೇಜಿನ ಅಧ್ಯಕ್ಷರು ಖಡಾಖಂಡಿತವಾಗಿ ಹೇಳಿದ್ದರು. ತಂಡ ಹೋದರೆ ಮೇಷ್ಟ್ರಿಗೆ ಉಳಿಯುವುದು ಲ್ಯಾಟಿನ್ ಪಾಠ ಮಾತ್ರ. ಅದು ಹುಡುಗರಿಗೂ ಬೇಡವಾಗಿತ್ತು, ನಿಜ ಹೇಳಬೇಕೆಂದರೆ ಅವರಿಗೂ ಬೇಡವಾಗಿತ್ತು.

ಇಂಡಿಯಾನಾದ ಆ ಊರಲ್ಲಿ ಧಾನ್ಯದ ಮಳಿಗೆಯ ಮಹಡಿಯೇ ಅಂಗಣ. ಮೂಲೆಯಲ್ಲಿ ಕೆಂಪಗೆ ಕಾದ ಒಲೆ, ಅಂಚಿನಲ್ಲಿ ಕಬ್ಬಿಣದ ಕಂಬ, ಗೆರೆಯ ಮೇಲೇ ಕಾಲು ಚಾಚಿ ಕೂತ ಜನ. ಗೆರೆ ದಾಟಿದ ಚೆಂಡು ಮೊದಲು ಮುಟ್ಟಿದವರದು. ಐದು ನಿಮಿಷದ ಹಿಂದೆ ಅಂಥದೊಂದು ಚೆಂಡಿಗೆ ಹಾರಿದ ಎಮೊರಿ ಪೈಕ್ ಕಂಬಕ್ಕೆ ತಲೆ ಹೊಡೆಸಿಕೊಂಡಿದ್ದ. "ಏಳಬೇಡ ಕಣೋ," ಎಂದು ಮೇಷ್ಟ್ರು ಕೂಗಿದ್ದಕ್ಕೇ ಆ ಎಚ್ಚರಿಕೆ. ಎಮೊರಿ ಎದ್ದು ನಿಂತಿದ್ದ.

ಏಳದೆ ಏನು ಮಾಡಿಯಾನು? ಎದುರಾಳಿಯ ತಪ್ಪಿಗೆ ಸಿಗುವ ದಂಡದ ಎಸೆತಗಳನ್ನೆಲ್ಲ ತಂಡದ ಪರವಾಗಿ ಎಸೆಯುವವನು ಅವನೊಬ್ಬನೇ. ಇವತ್ತು ಹನ್ನೊಂದನ್ನು ಬುಟ್ಟಿಗೆ ಹಾಕಿದ್ದ.

ಒಂದು ನಿಮಿಷ ಉಳಿದಿತ್ತು. ಎದುರಾಳಿಗಳು ಇಪ್ಪತ್ತೈದು, ಮೇಷ್ಟ್ರ ಹುಡುಗರು ಇಪ್ಪತ್ತನಾಲ್ಕು. ಎದುರಾಳಿಯ ತಪ್ಪಿಗೆ ರೆಫರಿ ಸೀಟಿ ಊದಿದ. ಎಸೆತ ಇವರಿಗೇ.

ಎಮೊರಿ ಚೆಂಡು ಹಿಡಿದು ಗೆರೆಗೆ ಬಂದ. ಬಂದವನು ಬುಟ್ಟಿಗೆ ಬೆನ್ನು ಹಾಕಿ ನಿಂತ.

"ಬುಟ್ಟಿ ಹಿಂದಿದೆ ಕಣಪ್ಪಾ, ನಿಮ್ಮಮ್ಮನ್ನ ಕರೀಬೇಕಾ ತೋರ್ಸೋಕೆ?" ಎಂದು ಯಾರೋ ಅಂದ. ಜನ ನಕ್ಕರು. ಎಮೊರಿಯೂ ನಕ್ಕ, ಯಾಕೆಂದು ತಿಳಿಯದವನ ಹಾಗೆ. ನಾಯಕ ಕ್ಲೆಮ್ ಹ್ಯಾಡ್ಲಿ ಅವನ ಭುಜ ಹಿಡಿದು ತಿರುಗಿಸಿ ನಿಲ್ಲಿಸಿದ. ಆಟ ನಿಲ್ಲಿಸಿ ಎಂದು ರೆಫರಿಗೆ ಹೇಳಬಲ್ಲವನು ನಾಯಕನೊಬ್ಬನೇ. ಮೇಷ್ಟ್ರು ಅವನನ್ನೇ ನೋಡಿದರು. ಕ್ಲೆಮ್ ಕೂಡ ನೋಡಿದ, ನೋಡಿ ಮುಖ ಆಚೆ ಮಾಡಿದ.

ಎಮೊರಿ ಚೆಂಡನ್ನು ಎದೆಗೆ ಒತ್ತಿಕೊಂಡ. ಇದೊಂದು ಎಸೆದುಬಿಡಲಿ ದೇವರೇ, ಆಮೇಲೆ ಕೂರಿಸೋಣ ಎಂದುಕೊಂಡರು ಮೇಷ್ಟ್ರು. ಹಾಗೆ ಅಂದುಕೊಂಡದ್ದಕ್ಕೆ ಅವರಿಗೇ ಹೇಸಿಗೆಯಾಯಿತು.

"ಅವನನ್ನ ಕೂರಿಸ್ರೋ, ತಲೆಗೆ ಪೆಟ್ಟಾಗಿದೆ," ಎಂದು ಎದ್ದು ನಿಂತರು.

ರೆಫರಿ ಸೀಟಿ ಊದಿದ. ಅವನ ಮುಖದಲ್ಲೂ ಸಂತೋಷವಿರಲಿಲ್ಲ. ಎಮೊರಿಯನ್ನು ಕೂರಿಸಿದರು. ಅವನ ಬದಲು ಕ್ಲೆಮ್ ಎಸೆದ, ಚೆಂಡು ಬುಟ್ಟಿಗೆ ಬಿತ್ತು, ಅಂಕ ಸಮ. ಆಮೇಲೆ ಮೇಷ್ಟ್ರ ಮಾತಿನ ದಂಡದ ಎಸೆತವನ್ನು ಎದುರಾಳಿಗಳು ಎಸೆದರು. ಅದೂ ಬಿತ್ತು. ಉಳಿದ ನಿಮಿಷದಲ್ಲಿ ಯಾರಿಗೂ ಅಂಕ ಬರಲಿಲ್ಲ, ಆ ಒಂದರಿಂದಲೇ ಪಂದ್ಯ ಕೈಬಿಟ್ಟುಹೋಯಿತು.

ಕೆಳಗೆ ಮೂಟೆಗಳ ಕೋಣೆಯಲ್ಲಿ ಹುಡುಗರು ಬಟ್ಟೆ ಬದಲಿಸುತ್ತಿದ್ದರು. ಕ್ಲೆಮ್ ಅಂಗಿ ಕೈಯಲ್ಲೇ ಹಿಡಿದು ಮೇಷ್ಟ್ರ ಹತ್ತಿರ ಬಂದ. "ಇದ್ದಿದ್ದು ಒಂದೇ ಒಂದು ಎಸೆತ. ಅದು ಮುಗಿಯೋವರೆಗೆ ಸುಮ್ನಿರಬಹುದಿತ್ತಲ್ಲ ಸಾರ್."

"ಅವನಿಗೆ ಬುಟ್ಟಿ ಯಾವ ಕಡೆ ಇದೆ ಅಂತಾನೇ ಗೊತ್ತಿರ್ಲಿಲ್ಲ ಕ್ಲೆಮ್."

"ನಂಗೊತ್ತು ಸಾರ್," ಎಂದ ಕ್ಲೆಮ್. ಗೋಡೆಯ ಕಡೆ ತಿರುಗಿ ನಿಂತ.

ಎಮೊರಿ ಒಂದು ಮೂಟೆಗೆ ಒರಗಿ ಕೂತಿದ್ದ. "ನಾನು ಎಸೆದಿದ್ದು ಬಿತ್ತಾ ಸಾರ್?"

"ಬಿತ್ತು ಕಣೋ."

"ಹಂಗಾದ್ರೆ ಉಳೀತು ನಮ್ ತಂಡ."

ಮೇಷ್ಟ್ರು ಮೊಣಕಾಲೂರಿ ಅವನ ಬೂಟಿನ ದಾರ ಬಿಚ್ಚತೊಡಗಿದರು. ಗಂಟು ಬಿಗಿದಿತ್ತು, ಉಗುರು ಹಾಕಿದರೂ ಸಡಿಲವಾಗಲಿಲ್ಲ.

"ನಾನು ಎಸೆದಿದ್ದು ಬಿತ್ತಾ ಸಾರ್?" ಎಂದು ಎಮೊರಿ ಕೇಳಿದ.

"ಬಿತ್ತು," ಎಂದು ಅವರು ಇನ್ನೊಂದು ಬೂಟಿಗೆ ಕೈ ಹಾಕಿದರು.